ವಿಯೆನ್ನಾ ಟಿಪ್ಪಣಿ: ಜಾಗ ಯಾರದು, ದುಡ್ಡು ಯಾರದು?

ಆಸ್ಟ್ರಿಯಾದ ರಾಜಧಾನಿ ವಿಯೆನ್ನಾದಲ್ಲಿ 1920ರ ದಶಕದ ಪಾಲಿಕೆ ವಸತಿ ಕಟ್ಟಡಗಳ ಗೋಡೆಗಳ ಮೇಲೆ ದಪ್ಪ ಕೆಂಪಕ್ಷರಗಳ ಸಾಲೊಂದು ಕಾಣುತ್ತದೆ. ಅದರ ಸಾರ ಇಷ್ಟು: ವಿಯೆನ್ನಾ ಪಾಲಿಕೆ ಕಟ್ಟಿಸಿದ್ದು, ವಸತಿ ತೆರಿಗೆಯ ಹಣದಿಂದ, ಇಂಥ ವರ್ಷಗಳಲ್ಲಿ. ಕಟ್ಟಿಸಿದವರ ಹೆಸರು ಹಾಕಿಸುವುದು ಎಲ್ಲೆಡೆ ಇದ್ದದ್ದೇ. ಯಾವ ತೆರಿಗೆಯಿಂದ ಕಟ್ಟಿದ್ದು ಎಂದು ಗೋಡೆಯ ಮೇಲೆ ಸಾರುವುದು ಬೇರೆಯೇ ಬಗೆಯ ರಾಜಕೀಯ. ಪರೀಕ್ಷೆಯ ಓದಿಗೆಂದು ಈ ಟಿಪ್ಪಣಿಯನ್ನು ಆ ಸಾಲನ್ನು ಹಿಡಿದುಕೊಂಡೇ ಮಾಡಿದ್ದೇನೆ.

ನಗರ ಯೋಜನೆ ಎಂದರೆ ಪಠ್ಯಗಳು ಮೊದಲು ಪ್ಯಾರಿಸ್ಸನ್ನೇ ತೋರಿಸುತ್ತವೆ. ನಾನು ವಿಯೆನ್ನಾವನ್ನು ಆರಿಸಿಕೊಂಡದ್ದಕ್ಕೆ ಕಾರಣವಿದೆ. ಒಂದೇ ಊರನ್ನು ಎರಡು ತದ್ವಿರುದ್ಧ ರಾಜಕೀಯಗಳು ಎರಡು ಸಲ ಕಟ್ಟಿದವು. ಮೊದಲ ಸಲ ಜಾಗ ಮಾರಿ, ಎರಡನೇ ಸಲ ತೆರಿಗೆ ಹಾಕಿ.

ಕೋಟೆ, ಬಯಲು, ಸುಂಕದ ಗೋಡೆ

ಆಟೊಮನ್ ತುರ್ಕರು 1529ರಲ್ಲೂ 1683ರಲ್ಲೂ ವಿಯೆನ್ನಾಕ್ಕೆ ಮುತ್ತಿಗೆ ಹಾಕಿದರು. ಹಾಗಾಗಿ ಹಳೆ ಊರು ಕೋಟೆಗೋಡೆ, ಕಂದಕಗಳ ಒಳಗೇ ಉಳಿಯಿತು. ಗೋಡೆಯ ಹೊರಗೆ 'ಗ್ಲಾಸಿ' ಎಂಬ ಅಗಲವಾದ ಬಯಲು. ಶತ್ರುವಿಗೆ ಮರೆ ಸಿಗಬಾರದೆಂದು ಅಲ್ಲಿ ಮನೆ ಕಟ್ಟಲು ಬಿಡುತ್ತಿರಲಿಲ್ಲ. ಬಯಲಿನಾಚೆ ಹೊರಕೇರಿಗಳು, ಅವುಗಳನ್ನೂ ಸುತ್ತುವರಿದು 1704ರಲ್ಲಿ ಎದ್ದ ಇನ್ನೊಂದು ಗೋಡೆ. ಮುಂದೆ ಈ ಹೊರಗೋಡೆಯ ಬಾಗಿಲುಗಳಲ್ಲಿ ಊರೊಳಗೆ ಬರುವ ಆಹಾರ ಪದಾರ್ಥಗಳಿಗೆ ಸುಂಕ ಕೀಳತೊಡಗಿದರು. ಗೋಡೆಯೊಳಗೆ ಬದುಕು ದುಬಾರಿಯಾಯಿತು, ಬಡವರು ಹೊರಗೆ ನೆಲೆಸಿದರು. ಇವತ್ತಿಗೂ ಆ ಗೋಡೆಯ ಜಾಗದಲ್ಲಿ ಓಡುವ ಗ್ಯುರ್ಟೆಲ್ ರಸ್ತೆಯನ್ನು ದಾಟಿದರೆ ಊರಿನ ಚಹರೆ ಬದಲಾಗುತ್ತದೆ. ನಕಾಶೆಯಲ್ಲಿ ಮೂರು ಉಂಗುರ ಬರೆದುಕೊಳ್ಳಿ: ಒಳಗೆ ಅರಮನೆಯ ಊರು, ನಡುವೆ ಕುಶಲಕರ್ಮಿಗಳ ಕೇರಿಗಳು, ಹೊರಗೆ ಕಾರ್ಖಾನೆಯ ಬಡಾವಣೆಗಳು. ಮುಂದಿನದ್ದೆಲ್ಲ ಇದರ ಮೇಲೇ ನಿಂತಿದೆ.

ತುರ್ಕರ ಭಯ ಹೋಗಿ ಎಷ್ಟೋ ಕಾಲವಾದರೂ ಸೇನೆ ಕೋಟೆಯನ್ನು ಬಿಟ್ಟುಕೊಡಲು ಒಪ್ಪಲಿಲ್ಲ. ಅದಕ್ಕೆ ಕಾರಣ 1848. ಆ ಅಕ್ಟೋಬರ್‌ನಲ್ಲಿ ಜನ ದಂಗೆಯೆದ್ದು ಯುದ್ಧಮಂತ್ರಿ ಲಾಟೂರ್‌ನನ್ನು ಕೊಂದರು, ರಾಜಪರಿವಾರ ಓಡಿಹೋಯಿತು. ಕೊನೆಗೆ ಸೇನಾಪತಿ ವಿಂಡಿಷ್‌ಗ್ರೆಟ್ಸ್ ಫಿರಂಗಿ ಹಾರಿಸಿ ರಾಜಧಾನಿಯನ್ನು ಮತ್ತೆ ಹಿಡಿಯಬೇಕಾಯಿತು. ಅಲ್ಲಿಂದಾಚೆಗೆ ಗೋಡೆ ಇದ್ದದ್ದು ಹೊರಗಿನ ಶತ್ರುವಿಗಲ್ಲ, ಹೊರಕೇರಿಯ ಜನಕ್ಕೆ.

ಚಕ್ರವರ್ತಿಯ ಸೈಟು ವ್ಯಾಪಾರ

1857ರ ಡಿಸೆಂಬರ್ 20ರಂದು ಚಕ್ರವರ್ತಿ ಫ್ರಾನ್ಸ್ ಯೋಸೆಫ್ ತನ್ನ ಗೃಹಮಂತ್ರಿಗೆ ಪತ್ರ ಬರೆದ. 'ಇದು ನನ್ನ ಇಚ್ಛೆ' ಎಂದು ಶುರುವಾಗುವ ಆ ಪತ್ರದಲ್ಲಿ ಕೋಟೆ ಕೆಡವಿ, ಬಯಲನ್ನು ಊರಿಗೆ ಸೇರಿಸುವ ಆಜ್ಞೆಯಿತ್ತು. ಮರುವರ್ಷದ ವಿನ್ಯಾಸ ಸ್ಪರ್ಧೆಗೆ 85 ಯೋಜನೆಗಳು ಬಂದವು. ಹಳೆ ಊರನ್ನು ಸುತ್ತುವ, ಸುಮಾರು 57 ಮೀಟರ್ ಅಗಲದ ರಿಂಗ್‌ಸ್ಟ್ರಾಸೆ ಎಂಬ ರಸ್ತೆ 1865ರ ಮೇ 1ರಂದು ಉದ್ಘಾಟನೆಯಾಯಿತು.

ಈ ರಸ್ತೆ ಯಾಕೆ ಎಂಬ ಪ್ರಶ್ನೆಗೆ ಪರೀಕ್ಷೆಯಲ್ಲಿ ನಾವು ಸಾಮಾನ್ಯವಾಗಿ ಬರೆಯುವ ಉತ್ತರ: 'ದಂಗೆಕೋರರು ಅಡ್ಡಗಟ್ಟೆ ಹಾಕದಂತೆ, ಸೈನ್ಯ ಓಡಾಡುವಂತೆ ರಸ್ತೆ ಅಗಲ ಮಾಡಿದರು.' ಸುಳ್ಳೇನಲ್ಲ. 1848ರ ದಂಗೆಯ ನಂತರ ಬೃಹತ್ ಶಸ್ತ್ರಾಗಾರವೂ ಬ್ಯಾರಕ್‌ಗಳೂ ಎದ್ದವು. ರಿಂಗ್‌ನ ಎರಡೂ ತುದಿಯ ಹತ್ತಿರ ಒಂದೊಂದು ಬ್ಯಾರಕ್ ಇತ್ತು. ಆದರೆ ಅಷ್ಟಕ್ಕೇ ನಿಲ್ಲಿಸಿದರೆ ಅರ್ಧ ಉತ್ತರ. ನನ್ನ ಮಟ್ಟಿಗೆ ಅಸಲು ವಿಷಯ ಇರುವುದು 'ನಗರ ವಿಸ್ತರಣಾ ನಿಧಿ'ಯಲ್ಲಿ.

ಆ ಬಯಲು ಸರ್ಕಾರದ ವಶದಲ್ಲಿತ್ತು, ಪಾಲಿಕೆಯದಲ್ಲ. ಸರ್ಕಾರ ಅದನ್ನು ಸೈಟುಗಳಾಗಿ ವಿಂಗಡಿಸಿ ಬ್ಯಾಂಕರುಗಳಿಗೆ, ಗಿರಣಿ ಮಾಲೀಕರಿಗೆ ಮಾರಿತು. ಬೇಗ ಕಟ್ಟಿದವರಿಗೆ ವರ್ಷಗಟ್ಟಲೆ ತೆರಿಗೆ ವಿನಾಯಿತಿ. ಬಂದ ಹಣ ಈ ನಿಧಿಗೆ ಹೋಯಿತು, ನಿಧಿಯಿಂದ ಒಪೆರಾ, ವಸ್ತುಸಂಗ್ರಹಾಲಯಗಳಂಥ ಸಾರ್ವಜನಿಕ ಕಟ್ಟಡಗಳು ಎದ್ದವು. ಖಾಸಗಿ ಸೈಟುಗಳಲ್ಲಿ ಎಫ್ರುಸಿ, ಟೊಡೆಸ್ಕೊ, ಎಪ್‌ಸ್ಟೈನ್‌ರಂಥ ಯಹೂದಿ ಬ್ಯಾಂಕರ್ ಮನೆತನಗಳ ಮಹಲುಗಳು ಬಂದವು. ಅವು ಬರೀ ಮಹಲುಗಳಲ್ಲ, ಬಾಡಿಗೆ ಮಹಲುಗಳು: ನೆಲಮಟ್ಟದಲ್ಲಿ ಅಂಗಡಿ, ಅದರ ಮೇಲೆ ಮಾಲೀಕರ ಠೀವಿ, ಇನ್ನೂ ಮೇಲೆ ಬಾಡಿಗೆದಾರರು.

ಜಾಗಕ್ಕಾಗಿ ಜಗ್ಗಾಟವೂ ನಡೆಯಿತು. ಬಯಲಿನ ಒಂದು ದೊಡ್ಡ ಪಾಲು ಸೇನೆಯ ಕವಾಯತು ಮೈದಾನವಾಗಿತ್ತು. ಮೇಯರ್ ಕಾಯೆಟಾನ್ ಫೆಲ್ಡರ್ 1870ರಲ್ಲಿ ಚಕ್ರವರ್ತಿಯ ಒಪ್ಪಿಗೆ ಪಡೆದು ಅದನ್ನು ಬಿಡಿಸಿಕೊಂಡ. ಸೈನಿಕರು ಕವಾಯತು ಮಾಡುತ್ತಿದ್ದ ಜಾಗದಲ್ಲೇ ಸಂಸತ್ತು ಗ್ರೀಕ್ ಶೈಲಿಯಲ್ಲಿ, ಪುರಭವನ ಗೋಥಿಕ್ ಶೈಲಿಯಲ್ಲಿ, ವಿಶ್ವವಿದ್ಯಾಲಯ ರಿನೈಸೆನ್ಸ್ ಶೈಲಿಯಲ್ಲಿ ಎದ್ದವು. ಪ್ರಜಾಪ್ರಭುತ್ವಕ್ಕೆ ಅಥೆನ್ಸ್, ಪೌರಾಡಳಿತಕ್ಕೆ ಮಧ್ಯಯುಗದ ವರ್ತಕ ನಗರಗಳು, ವಿದ್ಯೆಗೆ ಇಟಲಿ. ಉದಾರವಾದಿ ಮಧ್ಯಮವರ್ಗ ತನ್ನ ವಂಶಾವಳಿಯನ್ನು ಕಲ್ಲಿನಲ್ಲಿ ಬರೆಸಿಕೊಂಡಂತಿದೆ. 1873ರ ಮೇ 1ರಂದು ವಿಶ್ವ ವಸ್ತುಪ್ರದರ್ಶನ ಶುರುವಾಯಿತು, ಮೇ 9ರಂದು ಷೇರುಪೇಟೆ ಮುಗ್ಗರಿಸಿತು. ಆ ಮೆರುಗಿನ ಆಯಸ್ಸು ಅಷ್ಟೇ ಎನ್ನಬಹುದು, ಕಟ್ಟಡದ ಕೆಲಸಗಳು ಮಾತ್ರ ಮುಂದುವರಿದವು.

ವಠಾರದ ವಿಯೆನ್ನಾ

ಹೊರ ಉಂಗುರದ ಕಥೆ ಬೇರೆ. ಬೊಹೀಮಿಯಾ, ಮೊರಾವಿಯಾಗಳಿಂದ (ಇಂದಿನ ಚೆಕ್ ದೇಶದ ಭಾಗಗಳು) ಜನ ಬಂದು ತುಂಬಿ 1910ರ ಹೊತ್ತಿಗೆ ಜನಸಂಖ್ಯೆ 20 ಲಕ್ಷ ದಾಟಿತು. ಇವರಿದ್ದದ್ದು ಅಪ್ಪಟ ವಠಾರಗಳಲ್ಲಿ. ಒಂದು ಮಹಡಿಯ ಮನೆಗಳಿಗೆಲ್ಲ ಒಂದೇ ನಲ್ಲಿ, ಅದನ್ನು 'ಬಸ್ಸೇನಾ' ಎನ್ನುತ್ತಿದ್ದರು. ನಲ್ಲಿಯ ಬಳಿ ನಡೆಯುವ ಹರಟೆಗೂ ಜಗಳಕ್ಕೂ ಆ ನಗರದ ಭಾಷೆಯಲ್ಲಿ ಇಂದಿಗೂ ಅದೇ ಪದ. ಬಾಡಿಗೆ ಹೊಂದಿಸಲು ಮನೆಯವರು ಹಾಸಿಗೆಯನ್ನೇ ಬಾಡಿಗೆಗೆ ಕೊಡುತ್ತಿದ್ದರು: ರಾತ್ರಿಪಾಳಿಯವನು ಹಗಲು ಮಲಗಿ ಎದ್ದು ಹೋದರೆ ಅದೇ ಹಾಸಿಗೆಗೆ ಮತ್ತೊಬ್ಬ. ಕ್ಷಯರೋಗಕ್ಕೆ 'ವಿಯೆನ್ನಾ ಕಾಯಿಲೆ' ಎಂದೇ ಹೆಸರು ಬಿತ್ತು.

1897ರಿಂದ 1910ರವರೆಗೆ ಮೇಯರ್ ಆಗಿದ್ದ ಕಾರ್ಲ್ ಲ್ಯೂಗರ್ ಗ್ಯಾಸ್, ವಿದ್ಯುತ್, ಟ್ರಾಮ್‌ಗಳನ್ನು ಪಾಲಿಕೆಯ ಕೈಗೆ ತಂದ, ಬೆಟ್ಟದ ಬುಗ್ಗೆಗಳಿಂದ ಎರಡನೇ ನೀರಿನ ಕೊಳವೆಮಾರ್ಗ ಹಾಕಿಸಿದ. ಯಹೂದಿದ್ವೇಷವನ್ನು ಮತ ತರುವ ಸಾಧನ ಮಾಡಿಕೊಂಡವನೂ ಇವನೇ. ಎರಡನ್ನೂ ಸೇರಿಸಿಯೇ ಬರೆಯಬೇಕು. ವಠಾರಗಳು ಮಾತ್ರ ಹಾಗೆಯೇ ಉಳಿದವು.

ಬ್ರೈಟ್ನರ್ ತೆರಿಗೆ

ಇಲ್ಲಿ ನಿಧಾನಿಸಿ. ಮೊದಲ ಮಹಾಯುದ್ಧದಲ್ಲಿ ಸಾಮ್ರಾಜ್ಯ ಒಡೆಯಿತು. ದೊಡ್ಡ ಸಾಮ್ರಾಜ್ಯದ ರಾಜಧಾನಿ ಒಂದು ಪುಟ್ಟ ದೇಶದ ದೊಡ್ಡ ತಲೆಯಾಗಿ ಉಳಿಯಿತು. 1919ರ ಮೇ ತಿಂಗಳಲ್ಲಿ ಹೆಂಗಸರೂ ಸೇರಿ ಎಲ್ಲ ವಯಸ್ಕರು ಮತ ಹಾಕಿದ ಪಾಲಿಕೆ ಚುನಾವಣೆಯಲ್ಲಿ ಕಾರ್ಮಿಕರ ಪಕ್ಷವಾದ ಸೋಷಿಯಲ್ ಡೆಮಾಕ್ರಾಟರು 165ರಲ್ಲಿ 100 ಸ್ಥಾನ ಗೆದ್ದರು. ಆದರೆ ಬಹುಮತವಿದ್ದರೆ ಸಾಲದು, ತೆರಿಗೆ ಹಾಕುವ ಅಧಿಕಾರ ಬೇಕು. ಅಲ್ಲಿಯವರೆಗೆ ವಿಯೆನ್ನಾ ಲೋವರ್ ಆಸ್ಟ್ರಿಯಾ ಪ್ರಾಂತದೊಳಗಿನ ಒಂದು ನಗರ. 1922ರ ಜನವರಿ 1ರಂದು ಅದು ಪೂರ್ತಿ ಪ್ರತ್ಯೇಕ ರಾಜ್ಯವಾಯಿತು. ಒಂದೇ ಸಂಸ್ಥೆ ಪಾಲಿಕೆಯೂ ಹೌದು, ರಾಜ್ಯವೂ ಹೌದು. ಸೋಷಿಯಲ್ ಡೆಮಾಕ್ರಾಟರ ಆಳ್ವಿಕೆಯ ವಿಯೆನ್ನಾಕ್ಕೆ ಬಿದ್ದ ಹೆಸರು 'ಕೆಂಪು ವಿಯೆನ್ನಾ'. ಅದರ ಅಡಿಗಲ್ಲು ವಾಸ್ತುಶಿಲ್ಪವಲ್ಲ, ಈ ಸಾಂವಿಧಾನಿಕ ಬದಲಾವಣೆ.

ಹಣಕಾಸು ನೋಡಿಕೊಂಡವನು ಹ್ಯೂಗೋ ಬ್ರೈಟ್ನರ್, ಹಿಂದೆ ಬ್ಯಾಂಕಿನಲ್ಲಿದ್ದವನು. ಮನೆಗೆಲಸದ ಆಳುಗಳು, ಕಾರು, ಕುದುರೆ ಜೂಜು, ಮನರಂಜನೆ, ಹೀಗೆ ಐಷಾರಾಮ ಕಂಡಲ್ಲೆಲ್ಲ ತೆರಿಗೆ ಹಾಕಿದ. 1923ರಲ್ಲಿ ವಸತಿ ತೆರಿಗೆ ತಂದ. ಮನೆ ದೊಡ್ಡದಾದಷ್ಟೂ ದರ ಕಡಿದಾಗಿ ಏರುತ್ತಿತ್ತು. ಊರಿನ ಅತಿ ದುಬಾರಿ ಮನೆಗಳು, ಒಟ್ಟಿನಲ್ಲಿ ಶೇ. 0.5ರಷ್ಟು ಮಾತ್ರ, ಈ ತೆರಿಗೆಯ ಸುಮಾರು ಶೇ. 45ರಷ್ಟನ್ನು ಕಟ್ಟಿದವು.

ತೆರಿಗೆಯೊಂದೇ ಸಾಲುತ್ತಿರಲಿಲ್ಲ, ಜಾಗವೂ ಅಗ್ಗವಾಗಬೇಕಿತ್ತು. ನನಗೆ ಅರ್ಥವಾಗಲು ಹೆಚ್ಚು ಹೊತ್ತು ಹಿಡಿದದ್ದು ಈ ಭಾಗ. ಯುದ್ಧಕಾಲದಲ್ಲಿ ಬಾಡಿಗೆ ಏರಿಸದಂತೆ ಕಾನೂನು ಬಂದಿತ್ತು, ಯುದ್ಧದ ನಂತರವೂ ಅದು ಮುಂದುವರಿಯಿತು. ಹಣದುಬ್ಬರ ಹೆಚ್ಚಿ ಹಳೆಯ ಬಾಡಿಗೆಗೆ ಬೆಲೆಯೇ ಇಲ್ಲದಂತಾಯಿತು. ಬಾಡಿಗೆ ಹುಟ್ಟದ ಮೇಲೆ ಖಾಸಗಿಯವರು ಮನೆ ಕಟ್ಟುವುದನ್ನು ಬಿಟ್ಟರು. ಕಟ್ಟುವವರಿಲ್ಲದೆ ಜಾಗದ ಬೆಲೆ ಬಿತ್ತು. ಪೇಟೆಯಲ್ಲಿ ಕೊಳ್ಳುವವರು ಪಾಲಿಕೆಯೊಂದೇ ಎನ್ನುವ ಸ್ಥಿತಿ, ಅದು ರಾಶಿ ಜಾಗ ಕೊಂಡಿತು. ಸಾಲ ಮಾಡಿ ಅಲ್ಲ, ತೆರಿಗೆ ಹಣದಿಂದಲೇ ಕಟ್ಟಿಸಿದ್ದರಿಂದ ಬಡ್ಡಿಯ ಹೊರೆ ಬಾಡಿಗೆಯ ಮೇಲೆ ಬೀಳಲಿಲ್ಲ.

1934ರ ಹೊತ್ತಿಗೆ 60,000ಕ್ಕೂ ಹೆಚ್ಚು ಮನೆಗಳಾದವು. ಮನೆ ಚಿಕ್ಕದು, ಮೊದಮೊದಲಿನವು 38 ಇಲ್ಲವೇ 48 ಚದರ ಮೀಟರ್. ಆದರೆ ನಲ್ಲಿ, ಶೌಚಾಲಯ ಎರಡೂ ಮನೆಯೊಳಗೆ. ಹಳೆಯ ವಠಾರ ಸೈಟಿನ ಶೇ. 85ರವರೆಗೆ ನುಂಗುತ್ತಿತ್ತು, ಹೊಸವು ಅರ್ಧಕ್ಕೂ ಹೆಚ್ಚು ಜಾಗವನ್ನು ಅಂಗಳಕ್ಕೆ ಬಿಟ್ಟವು. ಕಾರ್ಲ್ ಎನ್ ವಿನ್ಯಾಸ ಮಾಡಿದ, 1930ರಲ್ಲಿ ಉದ್ಘಾಟನೆಯಾದ ಕಾರ್ಲ್-ಮಾರ್ಕ್ಸ್-ಹೋಫ್ ಒಂದು ಕಿಲೋಮೀಟರಿಗೂ ಉದ್ದ, 1,382 ಮನೆ, ಜೊತೆಗೆ ಬಟ್ಟೆ ಒಗೆಯುವ ಕೇಂದ್ರ, ಸ್ನಾನಗೃಹ, ಶಿಶುವಿಹಾರ, ಗ್ರಂಥಾಲಯ. ಹಳೆಯ ಸುಂಕದ ಗೋಡೆಯ ಜಾಗದಲ್ಲಿ, ಮಾರ್ಗರೇಟನ್ ಗ್ಯುರ್ಟೆಲ್ ಉದ್ದಕ್ಕೂ ಇಂಥ ಕಟ್ಟಡಗಳ ಸಾಲೇ ಎದ್ದಿತು. ಜನ ಅದನ್ನು 'ಕಾರ್ಮಿಕರ ರಿಂಗ್‌ಸ್ಟ್ರಾಸೆ' ಎಂದು ಕರೆದರು. ಪರೀಕ್ಷೆಯಲ್ಲಿ ಒಂದೇ ಉದಾಹರಣೆ ಕೊಡಬೇಕೆಂದರೆ ನಾನು ಇದನ್ನೇ ಕೊಡುತ್ತೇನೆ.

ವಿರೋಧಿಗಳು ಇವು ಮನೆಗಳಲ್ಲ, ಕೋಟೆಗಳು ಎಂದರು. ದೇಶದ ಚಾನ್ಸೆಲರ್ ಡೋಲ್‌ಫುಸ್‌ನ ಬಲಪಂಥೀಯ ಸರ್ಕಾರ 1933ರಲ್ಲಿ ಸಂಸತ್ತನ್ನು ಮುಚ್ಚಿತು, ವಿಯೆನ್ನಾದ ಆದಾಯದ ಪಾಲಿಗೂ ಕತ್ತರಿ ಹಾಕುತ್ತ ಬಂತು. 1934ರ ಫೆಬ್ರವರಿ 12ರಂದು ಸರ್ಕಾರಕ್ಕೂ ಸೋಷಿಯಲ್ ಡೆಮಾಕ್ರಾಟರಿಗೂ ಅಂತರ್ಯುದ್ಧ ಶುರುವಾದಾಗ ಸೈನ್ಯ ಕಾರ್ಲ್-ಮಾರ್ಕ್ಸ್-ಹೋಫ್ ಮೇಲೆ ಫಿರಂಗಿ ಹಾರಿಸಿತು. 1848ರ ನಂತರ ಮತ್ತೊಮ್ಮೆ ತನ್ನದೇ ಊರಿನ ಮೇಲೆ.

ನಂತರ, ಚುಟುಕಾಗಿ

1938ರಲ್ಲಿ ನಾಜಿಗಳು ಬಂದರು, ವಸತಿ ಕೊರತೆಗೆ ಅವರು ಕಂಡುಕೊಂಡ 'ಪರಿಹಾರ' ಯಹೂದಿಗಳನ್ನು ಮನೆಯಿಂದ ಹೊರದಬ್ಬಿ ಆ ಮನೆಗಳನ್ನು ಹಂಚುವುದು. ರಿಂಗ್‌ಸ್ಟ್ರಾಸೆಯ ಮಹಲುಗಳೂ ಕೈಬದಲಾದವು. 1945ರಿಂದ 1955ರವರೆಗೆ ನಾಲ್ಕು ರಾಷ್ಟ್ರಗಳ ಸೇನೆಗಳು ಊರನ್ನು ಹಂಚಿಕೊಂಡಿದ್ದವು. ಯುದ್ಧಾನಂತರ ಪಾಲಿಕೆ ಮತ್ತೆ ಮನೆ ಕಟ್ಟತೊಡಗಿತು. 1972ರಿಂದ 1988ರವರೆಗೆ ಡ್ಯಾನ್ಯೂಬ್ ಪ್ರವಾಹ ತಡೆಯಲು ಕಾಲುವೆ ತೋಡಿದರು, ಆ ಮಣ್ಣಿನಿಂದಾದ 21 ಕಿಲೋಮೀಟರ್ ಉದ್ದದ ದ್ವೀಪವನ್ನು ಸೈಟು ಮಾಡಿ ಮಾರಲಿಲ್ಲ, ಜನರಿಗೆ ವಿಹಾರಕ್ಕೆ ಬಿಟ್ಟರು.

2004ರ ನಂತರ ಪಾಲಿಕೆ ತಾನೇ ಮನೆ ಕಟ್ಟುವುದನ್ನು ನಿಲ್ಲಿಸಿತ್ತು, ಸಹಾಯಧನ ಕೊಟ್ಟು ಬೇರೆಯವರಿಂದ ಕಟ್ಟಿಸುತ್ತಿತ್ತು. ಮತ್ತೆ ತಾನೇ ಕಟ್ಟಿಸಿದ ಮೊದಲ ಕಟ್ಟಡ 2019ರಲ್ಲಿ ಊರಿನ ಫಾವೊರಿಟೆನ್ ಭಾಗದಲ್ಲಿ ಮುಗಿಯಿತು. ಈಗ ಪಾಲಿಕೆಯ ಕೈಯಲ್ಲಿ ಸುಮಾರು 2,20,000 ಬಾಡಿಗೆ ಮನೆಗಳಿವೆ. ಇವು ಮತ್ತು ಸಹಾಯಧನದ ಮನೆಗಳು ಸೇರಿ ಊರಿನ ಅರ್ಧದಷ್ಟು ಜನಕ್ಕೆ ಸೂರು. ಆದರೆ ಪಾಲಿಕೆ ಮನೆಗೆ ಅರ್ಜಿ ಹಾಕಲು ನಗರದಲ್ಲಿ ಎರಡು ವರ್ಷ ನೆಲೆಸಿರಬೇಕು. ನಿನ್ನೆ ಮೊನ್ನೆ ಬಂದ ವಲಸೆಗಾರ ಅಲ್ಲಿಯವರೆಗೆ ಹೆಚ್ಚಾಗಿ ಖಾಸಗಿ ಬಾಡಿಗೆ ಮನೆಗಳಲ್ಲಿ, ಅಲ್ಲಿನ ದರಕ್ಕೇ ಇರಬೇಕಾಗುತ್ತದೆ.