ತೊಗಟೆಯಡಿಯ ಹಸಿವು

"ಹುಳು ಮರವನ್ನೇ ತಿಂದುಹಾಕಿತು" ಅಂತ ಸುಲಭವಾಗಿ ಹೇಳಿಬಿಡುತ್ತೇವೆ. ಅಮೆರಿಕದಲ್ಲಿ ಕೋಟಿಗಟ್ಟಲೆ ಆಶ್ ಮರಗಳನ್ನು ಕೊಂದ ಪಚ್ಚೆ ಬಣ್ಣದ ದುಂಬಿ, ಎಮರಾಲ್ಡ್ ಆಶ್ ಬೋರರ್, ಹಾಗೆ ಮಾಡುವುದಿಲ್ಲ. ಮರದ ತಿರುಳಿಗೆ ಅದು ಬಾಯೇ ಹಾಕುವುದಿಲ್ಲ. ಮರ ಸಾಯುವುದು ಹಸಿವಿನಿಂದ.

ಸತ್ತ ಮರದ ತೊಗಟೆ ಎಬ್ಬಿಸಿ ನೋಡಿ. ಒಳಮೈ ತುಂಬ ಶಾವಿಗೆ ಚೆಲ್ಲಿದ ಹಾಗೆ ಅಂಕುಡೊಂಕು ಗೆರೆಗಳು, ಅವುಗಳೊಳಗೆ ಒತ್ತಿ ತುಂಬಿದ ಕಂದು ಪುಡಿ. ದುಂಬಿಯ ಮರಿಹುಳು ತಿಂದದ್ದು ತೊಗಟೆಯ ಒಳಬದಿಯ ತೆಳು ಪದರವನ್ನು. ಎಲೆಯಲ್ಲಿ ತಯಾರಾದ ಸಕ್ಕರೆ ಬೇರಿಗೆ ಇಳಿಯುವ ದಾರಿ ಅದೇ. ಅದನ್ನೊಂದು ಕಾಲುವೆ ಅಂದುಕೊಳ್ಳಿ. ಒಂದು ಕಡೆ ಒಡೆದರೆ ಹೇಗೋ ನಡೆಯುತ್ತದೆ, ನೂರು ಕಡೆ ಒಡೆದರೆ ಕೊನೆಯ ಗದ್ದೆಗೆ ಹನಿ ನೀರೂ ಇಲ್ಲ. ಇನ್ನೂ ಹತ್ತಿರದ ಹೋಲಿಕೆ ಬೇಕೇ? ಮಗ ಪೇಟೆಯಲ್ಲಿ ದುಡಿಯುತ್ತಾನೆ, ಅಪ್ಪ ಅಮ್ಮ ಹಳ್ಳಿಯಲ್ಲಿದ್ದಾರೆ. ತಿಂಗಳ ದುಡ್ಡು ದಾರಿಯಲ್ಲೇ ನಿಂತರೆ ಮೊದಲು ಸೊರಗುವುದು ಹಳ್ಳಿಮನೆ. ಇಲ್ಲಿ ಹಳ್ಳಿಮನೆ ಅಂದರೆ ಬೇರು. ಬೇರು ಸೊರಗಿದರೆ ನೀರು ಮೇಲೇರುವುದಿಲ್ಲ, ಆಗ ಪೇಟೆಯ ಮಗನೂ ಒಣಗುತ್ತಾನೆ.

ಏಷ್ಯಾದ ಈ ದುಂಬಿ ಸರಕಿನ ಮರದ ಪೆಟ್ಟಿಗೆಗಳಲ್ಲಿ ಬಂದಿರಬೇಕು. 2002ರಲ್ಲಿ ಡೆಟ್ರಾಯಿಟ್ ಹತ್ತಿರ ಗುರುತು ಸಿಕ್ಕಿತು. ಅಷ್ಟರಲ್ಲಿ ಅದು ಬಂದು ವರ್ಷಗಳೇ ಆಗಿದ್ದವು. ನನಗೆ ಹೊಟ್ಟೆ ಉರಿಯುವುದು ಇನ್ನೊಂದು ವಿಷಯಕ್ಕೆ. ಅಲ್ಲಿನ ಬೀದಿಗಳಲ್ಲಿ ಹಿಂದೆ ಎಲ್ಮ್ ಮರಗಳ ಸಾಲುಗಳಿದ್ದವು. ಡಚ್ ಎಲ್ಮ್ ಎಂಬ ಶಿಲೀಂಧ್ರ ರೋಗಕ್ಕೆ ಅವು ಸತ್ತಾಗ ಎಷ್ಟೋ ಊರುಗಳು ಸಾಲಾಗಿ ನೆಟ್ಟದ್ದು ಆಶ್! ಮತ್ತೆ ಒಂದೇ ಜಾತಿ. ಅಂದಹಾಗೆ, ಆಶ್ ನಮ್ಮ ಮಲ್ಲಿಗೆಯ ಕುಟುಂಬದ ಮರ.

ಉಳಿಸುವ ದಾರಿ ಇದೆ. ಬುಡದಲ್ಲಿ ಸಣ್ಣ ರಂಧ್ರ ಕೊರೆದು ಎಮಾಮೆಕ್ಟಿನ್ ಎಂಬ ಹುಳು ಕೊಲ್ಲುವ ಮದ್ದು ಕೊಡುತ್ತಾರೆ. ಸುಮಾರು ಎರಡು ವರ್ಷ ಅದರ ಕಾವಲು ಇರುತ್ತದೆ. ಇದರ ಮೂಲ ಮಣ್ಣಿನ ಒಂದು ಬ್ಯಾಕ್ಟೀರಿಯಾ. ಜಪಾನಿನ ಗಾಲ್ಫ್ ಮೈದಾನವೊಂದರ ಹತ್ತಿರದ ಮಣ್ಣಿನಿಂದ ಅದನ್ನು ಬೇರ್ಪಡಿಸಿದ ಸತೋಷಿ ಒಮುರಾ 2015ರ ನೊಬೆಲ್ ಹಂಚಿಕೊಂಡರು. ಒಂದು ಹಿಡಿ ಮಣ್ಣು ಎಲ್ಲಿಂದ ಎಲ್ಲಿಗೆ ಬಂತು, ನೋಡಿ.

ಆದರೆ ಮದ್ದು ಮೇಲೇರಬೇಕಾದ್ದು ಮರದೊಳಗಿನ ನೀರಿನ ಜೊತೆ, ಅಲ್ವಾ? ಅರ್ಧಕ್ಕಿಂತ ಜಾಸ್ತಿ ಎಲೆ ಹೋದ ಮರದಲ್ಲಿ ಆ ಓಡಾಟವೇ ಕೆಟ್ಟಿರುತ್ತದೆ. ಆಗ ಕೊಟ್ಟ ಮದ್ದು ಹೆಚ್ಚಾಗಿ ದಂಡ. "ಇನ್ನೂ ಹಸಿರಾಗಿದೆ, ಸುಮ್ನೆ ಯಾಕೆ ಖರ್ಚು" ಅನ್ನುವವರು ಇದನ್ನೇ ಮರೆಯುತ್ತಾರೆ. ಪ್ರತಿ ಮರಕ್ಕೂ ಮದ್ದು ಕೊಡಲು ಆಗುವುದಿಲ್ಲ, ನಿಜ. ಅದಕ್ಕೇ 2007ರಿಂದ ಚೀನಾದ ಪುಟ್ಟ ಕಣಜಗಳನ್ನೂ ಬಿಡುತ್ತಿದ್ದಾರೆ. ಅವು ದುಂಬಿಯ ಮೊಟ್ಟೆ, ಮರಿಗಳಲ್ಲೇ ತಮ್ಮ ಸಂಸಾರ ಹೂಡುತ್ತವೆ. ಸೌದೆಯೊಳಗೆ ಕೂತು ಹುಳುವೂ ಊರು ದಾಟುತ್ತದೆ, ಅದಕ್ಕೇ ಸೌದೆಯನ್ನು ಊರಿಂದೂರಿಗೆ ಸಾಗಿಸಬೇಡಿ ಎಂದು ಜನರಿಗೆ ಹೇಳುತ್ತಲೇ ಇದ್ದಾರೆ.

ದುಂಬಿ ಹೊರಬಂದ ಗುರುತು ತೊಗಟೆಯ ಮೇಲಿನ ಸುಮಾರು 3 ಮಿಲಿಮೀಟರ್ ತೂತು, ಒಂದು ಬದಿ ಚಪ್ಪಟೆ, ಇನ್ನೊಂದು ದುಂಡು. ದುಂಬಿಯ ಬೆನ್ನು ಚಪ್ಪಟೆ, ಹೊಟ್ಟೆ ದುಂಡು, ಅದಕ್ಕೇ ಆ ಆಕಾರ. ಆದರೆ ಆ ತೂತು ಕಂಡಾಗ ದುಂಬಿ ಹಾರಿಹೋಗಿ ಆಗಿರುತ್ತದೆ. ಎಷ್ಟೋ ಸಲ ಮೊದಲು ಸುದ್ದಿ ಕೊಡುವುದು ಮರಕುಟಿಗ. ಚಳಿಗಾಲದಲ್ಲಿ ಅದು ಮರಿಹುಳುಗಳಿಗಾಗಿ ಹೊರತೊಗಟೆಯನ್ನು ಚಕ್ಕೆ ಚಕ್ಕೆಯಾಗಿ ಕಿತ್ತು ಕೆಡವುತ್ತದೆ. ಬೂದು ಕಾಂಡದ ಮೇಲೆ ತಿಳಿ ಬಣ್ಣದ ಪಟ್ಟೆಗಳು ದೂರದಿಂದಲೇ ಕಾಣುತ್ತವೆ.