‘ಶೈಲಿ ಚೆನ್ನಾಗಿದೆ’ ಅನ್ನುವುದಕ್ಕೆ ಮುಂಚೆ

ಪುಸ್ತಕ ಓದಿ ಮುಗಿಸಿದವರನ್ನು ಹೇಗಿದೆ ಅಂತ ಕೇಳಿ ನೋಡಿ. ಕತೆಯನ್ನು ಹತ್ತು ನಿಮಿಷ ಹೇಳುತ್ತಾರೆ. ಬರವಣಿಗೆ ಹೇಗಿದೆ ಅಂದರೆ ಮಾತ್ರ ಎರಡೇ ಮಾತು: ‘ಶೈಲಿ ಚೆನ್ನಾಗಿದೆ’, ಇಲ್ಲವೇ ‘ಓದಿಸಿಕೊಂಡು ಹೋಗುತ್ತೆ’. ಎರಡನೆಯದು ನನಗೆ ತುಂಬಾ ಇಷ್ಟ. ಓದುವವರು ನಾವೇ ಆದರೂ ಆ ಮಾತಿನಲ್ಲಿ ದುಡಿಯುವುದು ಪುಸ್ತಕ. ಅದು ನಮ್ಮನ್ನು ಕೂರಿಸಿ ಓದಿಸುತ್ತದೆ. ಮೊದಲನೆಯ ಮಾತು ಮಾತ್ರ ಏನನ್ನೂ ಹೇಳುವುದಿಲ್ಲ. ಯಾವ ಶೈಲಿ? ಏನು ಚೆನ್ನ?

ನಮ್ಮಲ್ಲಿ ಪದಗಳಿಲ್ಲ ಅಂತ ಸುಮ್ನೆ ಹೇಳಿಬಿಡುವ ಹಾಗಿಲ್ಲ. ಕನ್ನಡದಲ್ಲಿ ಇವತ್ತು ಸಿಗುವ ಅತಿ ಹಳೆಯ ಪುಸ್ತಕದ ವಿಷಯವೇ ಬರವಣಿಗೆ ಹೇಗಿರಬೇಕು ಅನ್ನುವುದು. 9ನೇ ಶತಮಾನದ ನಡುವೆ, ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಶ್ರೀವಿಜಯ ಬರೆದ ‘ಕವಿರಾಜಮಾರ್ಗ’ ಅದು. ಸಂಸ್ಕೃತದ ದಂಡಿಯ ‘ಕಾವ್ಯಾದರ್ಶ’ವನ್ನು ಮುಂದಿಟ್ಟುಕೊಂಡು ಬರೆದದ್ದು ನಿಜ. ದಂಡಿ ವೈದರ್ಭ, ಗೌಡ ಅಂತ ಎರಡು ದಾರಿ ಹೇಳಿದರೆ, ಇಲ್ಲಿ ಅವು ದಕ್ಷಿಣ ಮಾರ್ಗ, ಉತ್ತರ ಮಾರ್ಗ ಆಗುತ್ತವೆ. ಆದರೆ ಕನ್ನಡದ ಜನರ ಬಗ್ಗೆ ಮಾತಾಡುವಾಗ ಅವನು ಬಳಸುವ ಪದ ದಂಡಿಯಿಂದ ಬಂದದ್ದಲ್ಲ:

‘ಪದನರಿದು ನುಡಿಯಲುಂ ನುಡಿದುದನರಿದಾರಯಲುಮಾರ್ಪರಾ ನಾಡವರ್ಗಳ್.’

ಈ ಸಾಲನ್ನು ರಾಜ್ಯೋತ್ಸವದ ಭಾಷಣಗಳಲ್ಲಿ ಎಷ್ಟೋ ಸಲ ಕೇಳಿದ್ದೇವೆ. ಒಂದು ಕ್ಷಣ ಹತ್ತಿರದಿಂದ ನೋಡೋಣ. ‘ಪದನ್’ ಅಂದರೆ ಹದ. ಪಾಲು ಹಾಲಾದಂತೆ, ಪದನ್ ಮುಂದೆ ಹದನವಾಯಿತು, ಹದವಾಯಿತು. ಮಣ್ಣಿಗೆ ಹದ ಇದೆ, ಬೆಲ್ಲದ ಪಾಕಕ್ಕೆ ಹದ ಇದೆ, ಚರ್ಮಕ್ಕೂ ಹದ ಇದೆ. ಜಾಸ್ತಿಯಾದರೂ ಕೆಟ್ಟಿತು, ಕಡಿಮೆಯಾದರೂ ಕೆಟ್ಟಿತು. ಈ ಜನ ಹದವರಿತು ಮಾತಾಡಬಲ್ಲರು ಅನ್ನುತ್ತಾನೆ. ಅಷ್ಟಕ್ಕೇ ನಿಲ್ಲುವುದಿಲ್ಲ. ಬೇರೆಯವರು ಆಡಿದ್ದನ್ನು ಅರಿತು ‘ಆರಯಲೂ’, ಅಂದರೆ ಒರೆಗೆ ಹಚ್ಚಿ ನೋಡಲೂ ಬಲ್ಲರು. ಬರೆಯುವ ಶಕ್ತಿಯ ಜೊತೆಯಲ್ಲೇ ಬರಹವನ್ನು ಬೆಲೆ ಕಟ್ಟುವ ಶಕ್ತಿಯನ್ನೂ ಎಣಿಸಿದ್ದಾನೆ. ಅದೂ ‘ಕುರಿತೋದದೆಯುಂ’, ಕೂತು ಓದದವರಲ್ಲಿ!

ಸುಮಾರು 90 ವರ್ಷದ ನಂತರ, 941ರಲ್ಲಿ, ಪಂಪ ‘ವಿಕ್ರಮಾರ್ಜುನ ವಿಜಯ’ದಲ್ಲಿ ಒಂದೇ ಪದ್ಯದಲ್ಲಿ ಕಾವ್ಯಕ್ಕೆ ಅಳತೆಗೋಲು ಕೊಟ್ಟ. ಬಗೆ ಹೊಸದಾಗಿರಬೇಕು. ಅದು ಮೃದುಬಂಧದಲ್ಲಿ ಕೂಡಿಕೊಳ್ಳಬೇಕು. ‘ದೇಸಿಯೊಳ್ ಪುಗುವುದು, ಪೊಕ್ಕ ಮಾರ್ಗದೊಳೆ ತಳ್ವುದು.’ ಅಂದರೆ ದೇಸಿಯೊಳಗೆ (ನಮ್ಮ ನೆಲದ ನುಡಿಯ ರೀತಿಯೊಳಗೆ) ಹೊಗಬೇಕು, ಹೊಕ್ಕ ಮೇಲೆ ಮಾರ್ಗವನ್ನೂ (ಸಂಸ್ಕೃತದ ಶಿಷ್ಟ ರೀತಿಯನ್ನೂ) ತಬ್ಬಬೇಕು. ಆಗ ಕಾವ್ಯ, ಚಿಗುರು ಹೂಗಳ ಭಾರಕ್ಕೆ ಬಾಗಿ, ದುಂಬಿಗಳಿಂದ ತುಂಬಿ, ವಸಂತದಲ್ಲಿ ನಿಂತ ಎಳೆಮಾವಿನಂತೆ ಕಾಣುತ್ತದೆ. ನಾವು ಮಾರ್ಗ–ದೇಸಿ ಅನ್ನುವುದನ್ನು ಎರಡು ಪಕ್ಷ ಮಾಡಿ ಜಗಳಕ್ಕೆ ಬಿಟ್ಟಿದ್ದೇವೆ. ಪಂಪನ ಸಾಲಿನಲ್ಲಿ ಇರುವುದು ಕ್ರಿಯಾಪದಗಳು: ಒಂದು (ಅಂದರೆ ಕೂಡು), ಹೊಗು, ತಬ್ಬು. ಬರವಣಿಗೆ ಅವನಿಗೆ ಚಲನೆ. ದೇಸಿ ಎಲ್ಲಿದೆ ಅಂತ ಅವನು ಕೇಳುವುದಿಲ್ಲ, ಅದರೊಳಗೆ ಹೊಕ್ಕಿದೆಯಾ ಅಂತ ನೋಡುತ್ತಾನೆ.

ಆಮೇಲಿನ ಶತಮಾನಗಳಲ್ಲಿ ಜಾಸ್ತಿ ಚರ್ಚೆಯಾದದ್ದು ಬೆರಕೆಯ ಬಗ್ಗೆ. 1112ರಲ್ಲಿ ‘ಧರ್ಮಾಮೃತ’ ಬರೆದ ನಯಸೇನ, ಶುದ್ಧ ಕನ್ನಡದಲ್ಲಿ ಸಂಸ್ಕೃತ ತಂದು ಸುರಿಯುವುದನ್ನು ತುಪ್ಪಕ್ಕೆ ಎಣ್ಣೆ ಬೆರೆಸಿದ್ದಕ್ಕೆ ಹೋಲಿಸಿದ. ಅವನ ಮಾತಿನಲ್ಲೇ ಹೇಳುವುದಾದರೆ ‘ತಕ್ಕುದೆ ಬೆರಸಲ್ಕೆ ಘೃತಮುಮಂ ತೈಲಮುಮಂ’. ತುಪ್ಪಕ್ಕೂ ಎಣ್ಣೆಗೂ ಅವನ ನಾಲಗೆಗೆ ಬಂದದ್ದು ಸಂಸ್ಕೃತದ ಪದಗಳೇ. ಈ ಗೆರೆ ಎಳೆಯುವುದು ಎಷ್ಟು ಕಷ್ಟ ಅನ್ನುವುದು ಇದರಿಂದಲೇ ಗೊತ್ತಾಗುತ್ತದೆ. ಮುಂದಿನ ಶತಮಾನದಲ್ಲಿ ಆಂಡಯ್ಯ ‘ಕಬ್ಬಿಗರ ಕಾವ’ವನ್ನು ಸಂಸ್ಕೃತ ಪದಗಳನ್ನು ಇದ್ದಂತೆಯೇ ಬಳಸದೆ ಬರೆದು ತೋರಿಸಿದ. ಅಚ್ಚಗನ್ನಡ, ತಿರುಳ್ಗನ್ನಡ ಅನ್ನುವ ಪದಗಳ ಹಿಂದೆ ಈ ದೊಡ್ಡ ವಾದವಿದೆ.

ವಾದದ ಹೊರಗಿದ್ದವರು ಬೇರೆ ಥರ ಯೋಚಿಸಿದರು. ‘ನುಡಿದರೆ ಮುತ್ತಿನ ಹಾರದಂತಿರಬೇಕು’ ಅಂದ ಬಸವಣ್ಣ, ಮುಂದೆ ಮಾಣಿಕ್ಯದ ದೀಪ್ತಿ, ಸ್ಫಟಿಕದ ಸಲಾಕೆ ಅನ್ನುತ್ತಾನೆ. ಮೂರೂ ಒಂದೇ ಹೊಗಳಿಕೆ ಅಲ್ಲ. ಹಾರ ಅಂದರೆ ಜೋಡಣೆ. ದೀಪ್ತಿ ಅಂದರೆ ಬೆಳಕು. ಸಲಾಕೆ ನೆಟ್ಟಗಿರುತ್ತದೆ, ಆರಪಾರ ಕಾಣುತ್ತದೆ. ಒಬ್ಬ ಲೇಖಕರಲ್ಲಿ ಜೋಡಣೆ ಇದ್ದು ಬೆಳಕು ಇಲ್ಲದಿರಬಹುದು. ಬೆಳಕಿದ್ದೂ ಮಾತು ಸೊಟ್ಟಗಿರಬಹುದು.

ಸಂಸ್ಕೃತದ ವಿಮರ್ಶಕರು ಬರಹವನ್ನು ಪಾಕ ಅಂತಲೂ ಕರೆದರು. ಬಾಯಿಗಿಟ್ಟ ಕೂಡಲೇ ರಸ ಕೊಡುವುದು ದ್ರಾಕ್ಷಾಪಾಕ. ಸಿಪ್ಪೆ ಸುಲಿಯಬೇಕಾದ್ದು ಕದಳೀಪಾಕ. ಒಡೆದೇ ತಿನ್ನಬೇಕಾದ್ದು ನಾರಿಕೇಳಪಾಕ. ಕನ್ನಡದಲ್ಲಿ ವೇದಾಂತ ಹೇಳಲು ಹೊರಟ ಮಹಲಿಂಗರಂಗ ಇದನ್ನು ಎಷ್ಟು ಚೆನ್ನಾಗಿ ತಿರುಗಿಸಿದ ನೋಡಿ. ಅವನ ಕನ್ನಡ ‘ಸುಲಿದ ಬಾಳೆಯ ಹಣ್ಣಿನಂದದಿ, ಕಳೆದ ಸಿಗುರಿನ ಕಬ್ಬಿನಂದದಿ, ಅಳಿದ ಉಷ್ಣದ ಹಾಲಿನಂದದಿ’ ಸುಲಭ. ಶಾಲೆಯಲ್ಲಿ ಇದನ್ನು ಬಾಯಿಪಾಠ ಮಾಡಿದಾಗ ಬಾಳೆಹಣ್ಣು, ಕಬ್ಬು, ಹಾಲು ಅಂತಷ್ಟೇ ಕೇಳಿಸಿತ್ತು. ಅರ್ಥ ಇರುವುದು ಸುಲಿದ, ಕಳೆದ, ಅಳಿದ ಅನ್ನುವ ಪದಗಳಲ್ಲಿ. ಯಾರೋ ಮುಂಚೆಯೇ ಕೂತು ಸಿಪ್ಪೆ ಸುಲಿದಿದ್ದಾರೆ, ಸಿಗುರು ತೆಗೆದಿದ್ದಾರೆ, ಹಾಲು ಆರಿಸಿದ್ದಾರೆ. ‘ಸರಳ ಶೈಲಿ’ ಅನ್ನುವಾಗ ನಾವು ಈ ದುಡಿಮೆಯನ್ನು ಮರೆತುಬಿಡುತ್ತೇವೆ, ಅಲ್ವಾ? ಸರಳತೆ ತಾನಾಗಿ ಬಂದದ್ದು ಅಂದುಕೊಳ್ಳುತ್ತೇವೆ.

ಹಳೆಯ ಕಾಲದ ಕೊನೆಯಲ್ಲಿ, ಹೊಸ ಕಾಲದ ಬಾಗಿಲಲ್ಲಿ, ನನಗೆ ಬಹಳ ಪ್ರಿಯಳಾದ ವಿಮರ್ಶಕಿ ನಿಂತಿದ್ದಾಳೆ. 19ನೇ ಶತಮಾನದ ಕೊನೆಯ ಹೊತ್ತಿಗೆ ಮುದ್ದಣ ಬರೆದ ‘ರಾಮಾಶ್ವಮೇಧ’ದ ಮನೋರಮೆ ಅವಳು. ಗಂಡ ಸಂಸ್ಕೃತ ತುಂಬಿ ಕತೆ ಶುರುಮಾಡಿದರೆ, ‘ನೀರಿಳಿಯದ ಗಂಟಲೊಳ್ ಕಡುಬಂ ತುರುಕಿದಂತಾಯ್ತು’ ಅಂತ ನಿಲ್ಲಿಸುತ್ತಾಳೆ. ಪದ್ಯ ಬೇಡ, ಗದ್ಯ ಸಾಕು ಅನ್ನುತ್ತಾಳೆ. ಓದುಗರ ಗಂಟಲಿನ ಅನುಭವವನ್ನೇ ಅಳತೆಗೋಲು ಮಾಡಿಕೊಂಡ ವಿಮರ್ಶೆ ಇದು. ಮುದ್ದಣನೂ ಸೋಲುವುದಿಲ್ಲ. ಕರಿಮಣಿ ಸರದ ನಡುವೆ ಕೆಂಪು ಹವಳ ಪೋಣಿಸಿದಂತೆ ಅಲ್ಲಲ್ಲಿ ಸಂಸ್ಕೃತ ಇರಲಿ ಅನ್ನುತ್ತಾನೆ. ನಯಸೇನನ ತುಪ್ಪ–ಎಣ್ಣೆಗೆ ಸುಮಾರು 800 ವರ್ಷದ ನಂತರ ಸಿಕ್ಕ ಉತ್ತರ ಅದು.

20ನೇ ಶತಮಾನದಲ್ಲಿ ಪದಗಳ ಗುಂಪೇ ಬದಲಾಯಿತು. ಇಂಗ್ಲಿಷ್ ಸಾಹಿತ್ಯ ಓದಿ ಬಂದವರಿಗೆ ‘ಸ್ಟೈಲ್’ಗೆ ಒಂದು ಪದ ಬೇಕಿತ್ತು. ಕಿವಿಗೂ ಹತ್ತಿರ, ಅರ್ಥಕ್ಕೂ ಹತ್ತಿರ ಇದ್ದ ‘ಶೈಲಿ’ ಗಟ್ಟಿಯಾಗಿ ಕೂತಿತು. ಎರಡರ ಬೇರು ಮಾತ್ರ ಬೇರೆ ಬೇರೆ. ಸ್ಟೈಲ್ ಬಂದದ್ದು ಲ್ಯಾಟಿನ್ನಿನಲ್ಲಿ ಬರೆಯುವ ಮೊನೆಗೆ ಇದ್ದ ಹೆಸರಿನಿಂದ, ನಮ್ಮ ಓಲೆಗರಿಯ ಕಂಟದಂಥದ್ದು. ಶೈಲಿಯ ನಂಟು ಶೀಲದ ಜೊತೆ. ಒಂದು ಕೈಯಲ್ಲಿರುವ ಸಾಧನ, ಇನ್ನೊಂದು ಮನುಷ್ಯನ ಸ್ವಭಾವ.

ನವ್ಯ ಸಾಹಿತ್ಯ ಚಳವಳಿಯ ಕಾಲಕ್ಕೆ ಪ್ರತಿಮೆ, ಸಂಕೇತ, ಸಂವೇದನೆ, ಲಯ ಎಲ್ಲ ದಿನಬಳಕೆಯಾದವು. ಅವುಗಳಿಂದ ಉಪಕಾರವಾಗಿದೆ. ಒಂದು ಕವಿತೆಯನ್ನು ಸಾಲು ಸಾಲಾಗಿ ಬಿಡಿಸಿ ಓದುವುದು ನಮಗೆ ರೂಢಿಯಾಯಿತು. ಗೊಂದಲವೂ ಆಗಿದೆ. ‘ಧ್ವನಿ’ಯನ್ನೇ ನೋಡಿ. 9ನೇ ಶತಮಾನದಲ್ಲಿ ಕಾಶ್ಮೀರದ ಆನಂದವರ್ಧನ ಅದನ್ನು ಹೇಳದೆ ಹೊಳೆಯುವ ಅರ್ಥಕ್ಕೆ ಬಳಸಿದ. ಅದೇ ಶತಮಾನದ ‘ಕವಿರಾಜಮಾರ್ಗ’ದಲ್ಲೂ ಧ್ವನಿ ಒಂದು ಅಲಂಕಾರವಾಗಿ ಬರುತ್ತದೆ. ಈಗ ಅದೇ ಪದ ಲೇಖಕರ ದನಿಗೂ ಆಗುತ್ತದೆ, ಮಾತಿನ ರಾಗಕ್ಕೂ ಆಗುತ್ತದೆ. ‘ಈ ಕತೆಯ ಧ್ವನಿ ಚೆನ್ನಾಗಿದೆ’ ಅಂದರೆ ಮೂರರಲ್ಲಿ ಯಾವುದು? ನಾನಂತೂ ಮೊದಲನೆಯದಕ್ಕೆ ಧ್ವನಿ, ಎರಡನೆಯದಕ್ಕೆ ದನಿ, ಮೂರನೆಯದಕ್ಕೆ ಧಾಟಿ ಅಂತ ಬಿಡಿಸಿಕೊಂಡಿದ್ದೇನೆ.

ಇನ್ನು ‘ಗ್ರಾಮ್ಯ’. ಅಲಂಕಾರಶಾಸ್ತ್ರದಲ್ಲಿ ಅದು ಒಂದು ದೋಷದ ಹೆಸರು. ಬರಹದಲ್ಲಿ ಹಳ್ಳಿಯ ಮಾತು ಬಂದರೆ ತಪ್ಪು ಅನ್ನುವ ತೀರ್ಪು ಪದದೊಳಗೇ ಕೂತಿದೆ. ಧಾರವಾಡದ ಆಡುಮಾತಿನಲ್ಲಿ ಬೇಂದ್ರೆ ಕವಿತೆ ಕಟ್ಟಿದರು. ದೇವನೂರ ಮಹಾದೇವರ ‘ಕುಸುಮಬಾಲೆ’ (1984) ನಂಜನಗೂಡು ಸೀಮೆಯ ಮಾತನ್ನು ನಿರೂಪಣೆಗೇ ತಂದಿತು. ದೋಷದ ಹೆಸರಿಟ್ಟುಕೊಂಡು ಇಂಥ ಬರಹವನ್ನು ಹೊಗಳಲು ಆಗುವುದಿಲ್ಲ. ಆಗ ಕೈಗೆ ಸಿಕ್ಕಿದ್ದು ‘ಸೊಗಡು’. ಒಳ್ಳೆಯ ಪದ, ಮಣ್ಣಿನ ವಾಸನೆ ಇರುವ ಪದ. ಆದರೆ ಅದನ್ನೂ ನೋಡಿಕೊಂಡು ಬಳಸಬೇಕು. ಬೆಂಗಳೂರು–ಮೈಸೂರಿನ ಶಿಷ್ಟ ಬರಹಕ್ಕೆ ಸೊಗಡಿದೆ ಅಂತ ಯಾರೂ ಬರೆಯುವುದಿಲ್ಲ. ಅಂದರೆ ಅದು ನಮಗೆ ‘ವಾಸನೆ ಇಲ್ಲದ’ ಕನ್ನಡ, ಉಳಿದವೆಲ್ಲ ವಾಸನೆಯ ಕನ್ನಡ. ಕಲಬುರಗಿಯ ಲೇಖಕಿ ವಾಕ್ಯವನ್ನು ಎಲ್ಲಿ ಮುರಿದರು, ಯಾವ ಪದವನ್ನು ಎರಡು ಸಲ ಬಳಸಿದರು ಅಂತ ನೋಡದೆ ‘ಸೊಗಡು’ ಅಂತ ಮುಗಿಸಿದರೆ ಅವರ ಕಸುಬಿಗೆ ಅನ್ಯಾಯ.

ಹತ್ತಿರದಿಂದ ನೋಡುವುದು ಅಂದರೆ ಹೀಗೆ. ‘ಅವಳಿಂದ ಬಾಗಿಲು ಮುಚ್ಚಲ್ಪಟ್ಟಿತು ಮತ್ತು ಚಿಲಕದ ಸದ್ದು ಅವನಿಗೆ ಕೇಳಲ್ಪಟ್ಟಿತು.’ ‘ಅವಳು ಬಾಗಿಲು ಹಾಕಿಕೊಂಡಳು. ಚಿಲಕ ಬಿದ್ದಿದ್ದು ಅವನಿಗೆ ಕೇಳಿಸಿತು.’ ಮೊದಲನೆಯದನ್ನು ಅನುವಾದದ ವಾಸನೆ ಅನ್ನುತ್ತೇವೆ. ಎರಡನೆಯದು ಬಿಗಿಯಾಗಿದೆ, ಓಟವಿದೆ. ಅಲ್ಲಿಗೆ ಬಿಡಬೇಡಿ. ‘ಹಾಕಿದಳು’ ಅಲ್ಲ, ‘ಹಾಕಿಕೊಂಡಳು’. ಆ ‘ಕೊಂಡು’ ಅವಳನ್ನು ಬಾಗಿಲಿನ ಒಳಗಡೆ ಇಟ್ಟಿತು, ಅವನನ್ನು ಹೊರಗೆ ನಿಲ್ಲಿಸಿತು. ಅವರ ನಡುವೆ ಏನಾಯಿತು ಅಂತ ಒಂದು ಮಾತೂ ಹೇಳಿಲ್ಲ. ಇದಕ್ಕೆ ಹದ ಅನ್ನಬಹುದು, ಆನಂದವರ್ಧನನ ಧ್ವನಿ ಅಂತಲೂ ಅನ್ನಬಹುದು. ನನಗೆ ಹದ ಸಾಕು.