ಎಡ ರೆಕ್ಕೆ ಇಟಲಿದು, ಬಲ ರೆಕ್ಕೆ ಸ್ಪೇನ್‌ದು: ಯುರೋಪಿನ ಯುದ್ಧ ವಿಮಾನಗಳ ಪಾಲು ಜಗಳ

ಯೂರೋಫೈಟರ್ ಟೈಫೂನ್ ಅಂತ ಒಂದು ಯುದ್ಧ ವಿಮಾನ ಇದೆ. ಅದರ ಎಡ ರೆಕ್ಕೆ ಮಾಡುವುದು ಇಟಲಿ, ಬಲ ರೆಕ್ಕೆ ಮಾಡುವುದು ಸ್ಪೇನ್. ನಡುವಿನ ಒಡಲು ಜರ್ಮನಿಯದು. ಪೈಲಟ್ ಕೂರುವ ಮುಂಭಾಗ ಬ್ರಿಟನ್ನಿನದು. ಹಿಂಭಾಗವನ್ನು ಇಟಲಿ, ಬ್ರಿಟನ್ ಹಂಚಿಕೊಂಡಿವೆ. ಸರಿ, ಈ ತುಂಡುಗಳನ್ನೆಲ್ಲ ಜೋಡಿಸೋಕಾದರೂ ಒಂದೇ ಕಾರ್ಖಾನೆ ಇರಬಹುದು ಅಂದುಕೊಂಡರೆ ಅದೂ ಇಲ್ಲ, ಇಂಗ್ಲೆಂಡಿನ ವಾರ್ಟನ್, ಜರ್ಮನಿಯ ಮಾಂಚಿಂಗ್, ಇಟಲಿಯ ಟ್ಯೂರಿನ್, ಸ್ಪೇನಿನ ಗೆಟಾಫೆ ಅಂತ ನಾಲ್ಕು ಕಡೆ ಜೋಡಣೆ.

ಕಾರಣ ಸರಳ. ಯಾರು ಎಷ್ಟು ವಿಮಾನ ಕೊಳ್ಳುತ್ತಾರೋ ಅವರಿಗೆ ಅಷ್ಟು ಕೆಲಸ. ದುಡ್ಡು ಕೊಟ್ಟವರು ಸುಮ್ನೆ ಇರುತ್ತಾರಾ, ನಮ್ಮ ಊರಿನ ಕಾರ್ಖಾನೆಗೆ ಏನು ಅಂತ ಕೇಳೇ ಕೇಳುತ್ತಾರೆ. ಯುರೋಪಿನಲ್ಲಿ ಈಗ ಮುಂದಿನ ತಲೆಮಾರಿನ ವಿಮಾನಕ್ಕಾಗಿ ನಡೆಯುತ್ತಿರುವ ಜಗಳಕ್ಕೂ ಬೇರು ಇಲ್ಲೇ ಇದೆ. ಆದರೆ ಕಾರ್ಖಾನೆ ಕೆಲಸದ ಪಾಲು ಮೇಲೆ ಕಾಣುವ ಜಗಳ ಅಷ್ಟೇ. ಒಳಗಿನ ಜಗಳ ಬೇರೆ: ಯುದ್ಧ ವಿಮಾನವನ್ನು ಮೊದಲಿಂದ ಕೊನೆವರೆಗೆ ವಿನ್ಯಾಸ ಮಾಡುವ ವಿದ್ಯೆ ಯಾರ ಕೈಯಲ್ಲಿ ಉಳಿಯಬೇಕು ಅನ್ನುವುದು.

ಇದು ಇವತ್ತು ಹುಟ್ಟಿದ್ದಲ್ಲ. 1960ರ ದಶಕದಲ್ಲಿ ಬ್ರಿಟನ್ ಮತ್ತು ಫ್ರಾನ್ಸ್ ಸೇರಿ ರೆಕ್ಕೆ ಹಿಂದೆ ಮುಂದೆ ಮಡಚುವ ಒಂದು ವಿಮಾನ ಮಾಡೋಣ ಅಂದವು. 1967ರಲ್ಲಿ ಫ್ರಾನ್ಸ್ ಕೈ ಎತ್ತಿತು. ಅದೇ ಹೊತ್ತಿನ ಇನ್ನೊಂದು ಜಂಟಿ ವಿಮಾನ ಜಾಗ್ವಾರ್ ಮಾತ್ರ ಉಳಿಯಿತು. ಬೆಂಗಳೂರಿನ ಎಚ್‌ಎಎಲ್‌ನಲ್ಲಿ ಮುಂದೆ ಪರವಾನಗಿ ಪಡೆದು ಕಟ್ಟಿದರಲ್ಲ, ಅದೇ ಜಾಗ್ವಾರ್. ಅಲ್ಲೂ ಒಂದು ಕಥೆ ಇದೆ. ಅದನ್ನು ಮಾಡುತ್ತಿದ್ದ ಫ್ರೆಂಚ್ ಕಂಪನಿ ಬ್ರೆಗೆಯನ್ನು ಫ್ರಾನ್ಸಿನದೇ ಇನ್ನೊಂದು ವಿಮಾನ ಕಂಪನಿ ಡಸಾಲ್ಟ್ ನುಂಗಿತು. ಡಸಾಲ್ಟ್‌ಗೆ ಮಿರಾಜ್‌ನಂಥ ಸ್ವಂತ ವಿಮಾನಗಳಿದ್ದವು, ಪಾಲುದಾರರ ವಿಮಾನದ ಮೇಲೆ ಎಷ್ಟು ಪ್ರೀತಿ ಇದ್ದೀತು? ಜಾಗ್ವಾರ್‌ನ ನೌಕಾಪಡೆ ಮಾದರಿಯನ್ನು ಹಡಗಿನ ಮೇಲೆ ಪರೀಕ್ಷೆಯೂ ಮಾಡಿದ್ದರು. ಕೊನೆಗೆ ಫ್ರೆಂಚ್ ನೌಕಾಪಡೆ ಕೊಂಡದ್ದು ಡಸಾಲ್ಟ್‌ನದೇ ಸೂಪರ್ ಎತಾಂದಾರ್.

ದೊಡ್ಡ ಒಡಕು 1985ರದ್ದು. ಬ್ರಿಟನ್, ಜರ್ಮನಿ, ಇಟಲಿ, ಸ್ಪೇನ್, ಫ್ರಾನ್ಸ್ ಐದೂ ದೇಶ ಒಂದೇ ವಿಮಾನ ಮಾಡೋಣ ಅಂತ 1983ರಲ್ಲಿ ಕೂತಿದ್ದವು. ಫ್ರಾನ್ಸಿಗೆ ಹಗುರ ವಿಮಾನ ಬೇಕು, ಯಾಕೆಂದರೆ ಅದು ವಿಮಾನವಾಹಕ ಹಡಗಿನ ಮೇಲೂ ಇಳಿಯಬೇಕು. ಬ್ರಿಟನ್ನಿಗೆ ಸೋವಿಯತ್ ಬಾಂಬರ್‌ಗಳನ್ನು ದೂರದಲ್ಲೇ ತಡೆಯುವ, ಇನ್ನೂ ಭಾರದ ವಿಮಾನ ಬೇಕು. ಇದಾದರೂ ಹೇಗೋ ಸರಿಹೋಗುತ್ತಿತ್ತೇನೋ. ಆದರೆ ಫ್ರಾನ್ಸ್ ವಿನ್ಯಾಸದ ಯಜಮಾನಿಕೆ ನಮ್ಮದು, ಎಂಜಿನ್ ನಮ್ಮ ಎಂ88 ಅಂತ ಪಟ್ಟು ಹಿಡಿಯಿತು. ಉಳಿದವರು ಒಪ್ಪಲಿಲ್ಲ. ಆಗಸ್ಟ್‌ನಲ್ಲಿ ಟ್ಯೂರಿನ್‌ನಲ್ಲಿ ಫ್ರಾನ್ಸನ್ನು ಬಿಟ್ಟು ಮುಂದೆ ಹೋಗುವ ತೀರ್ಮಾನ ಆಯಿತು, ಯೂರೋಫೈಟರ್ ಹುಟ್ಟಿದ್ದು ಅಲ್ಲಿಂದಲೇ. ಮರುವರ್ಷ ಜುಲೈ 4ಕ್ಕೆ ಡಸಾಲ್ಟ್‌ನ ರಫೇಲ್ ಪ್ರಯೋಗ ವಿಮಾನ ಹಾರಿತು, ಆಗಸ್ಟ್ 8ಕ್ಕೆ ಬ್ರಿಟನ್ನಿನ ಪ್ರಯೋಗ ವಿಮಾನ ಹಾರಿತು. ಎರಡಕ್ಕೂ ತ್ರಿಕೋನದ ರೆಕ್ಕೆ, ಮೂತಿಯ ಬಳಿ ಇನ್ನೊಂದು ಜೊತೆ ಪುಟ್ಟ ರೆಕ್ಕೆ, ಎರಡೆರಡು ಎಂಜಿನ್. ದೂರದಿಂದ ನೋಡಿದರೆ ಅಣ್ಣ ತಮ್ಮ ಅನ್ನಬೇಕು. ನಿಜಕ್ಕೂ ದಾಯಾದಿಗಳೇ.

ಫ್ರಾನ್ಸ್ ಹೊರಗೆ ಹೋದ ಮೇಲೆ ಯೂರೋಫೈಟರ್ ಸುಸೂತ್ರವಾಗಿ ನಡೆಯಿತು ಅಂತಲ್ಲ. ಜರ್ಮನಿಯಲ್ಲಿ ಅದನ್ನು ಮೊದಲು ‘ಯೇಗರ್ 90’ ಅಂತ ಕರೆಯುತ್ತಿದ್ದರು, 90ರ ದಶಕದ ಫೈಟರ್ ಅಂತ. ಪಡೆಗಳ ಕೈಗೆ ಬಂದಿದ್ದು 2003ರಲ್ಲಿ! ನಡುವೆ ಸೋವಿಯತ್ ಒಕ್ಕೂಟವೇ ಕುಸಿದುಬಿತ್ತು. 1992ರಲ್ಲಿ ಜರ್ಮನಿಯ ರಕ್ಷಣಾ ಸಚಿವ ಫೋಲ್ಕರ್ ರ್‍ಯೂಹೆ ಇಷ್ಟು ದುಬಾರಿ ವಿಮಾನ ಯಾಕೆ ಅಂತ ಹೊರಬರಲು ನೋಡಿದರು, ಆಗಲಿಲ್ಲ. ಆಮೇಲೆ 250 ಬೇಡ, ಕಡಿಮೆ ಸಾಕು ಅಂದಿತು ಜರ್ಮನಿ, ಆದರೆ ಕೆಲಸದ ಪಾಲು ಮಾತ್ರ ಕಡಿಮೆ ಆಗಬಾರದಂತೆ. ಹಗ್ಗಜಗ್ಗಾಟ ಆಗಿ ಕೊನೆಗೆ 180ಕ್ಕೆ ನಿಂತಿತು. ನಾಲ್ಕೂ ದೇಶದ್ದು ಸೇರಿ 765 ಇದ್ದದ್ದು 620ಕ್ಕೆ ಇಳಿಯಿತು.

ಅತ್ತ ರಫೇಲ್‌ದೂ ಬಹಳ ಕಾಲ ಒಣಕಲು ಬದುಕೇ. 1986ರಲ್ಲಿ ಹಾರಿದ ವಿಮಾನಕ್ಕೆ ಮೊದಲ ವಿದೇಶಿ ಗಿರಾಕಿ ಈಜಿಪ್ಟ್ ಸಿಕ್ಕಿದ್ದು 2015ರಲ್ಲಿ. ನಮ್ಮಲ್ಲೂ ಇವೆರಡೂ ಎದುರುಬದುರಾಗಿದ್ದವು, ನೆನಪಿರಬಹುದು. 126 ವಿಮಾನಗಳ ಟೆಂಡರ್‌ನಲ್ಲಿ 2011ಕ್ಕೆ ಕೊನೆಗೆ ಉಳಿದದ್ದು ಈ ದಾಯಾದಿಗಳೇ. 2012ರ ಜನವರಿಯಲ್ಲಿ ರಫೇಲ್ ಗೆದ್ದಿತು, ಎಚ್‌ಎಎಲ್‌ನಲ್ಲಿ 108 ಕಟ್ಟುವ ಮಾತಿತ್ತು, ಅದು ಮುರಿದು ನೇರವಾಗಿ 36 ಬಂದವು. ಆಮೇಲೆ ಗ್ರೀಸ್, ಇಂಡೋನೇಷ್ಯಾ, ಒಂದೇ ಏಟಿಗೆ 80 ಕೊಂಡ ಯುಎಇ ಅಂತ ಸಾಲು ಹಚ್ಚಿತು. ಇದನ್ನು ನೆನಪಲ್ಲಿಡಿ, ಇವತ್ತು ಡಸಾಲ್ಟ್ ಅಷ್ಟು ಗಟ್ಟಿ ದನಿಯಲ್ಲಿ ಮಾತಾಡುವುದಕ್ಕೆ ಕಾರಣ ಇದೇ. 1985ರಲ್ಲಿ ಮನೆ ಬಿಟ್ಟು ಹೋಗಿದ್ದರಿಂದ ಅವರಿಗೇನೂ ನಷ್ಟ ಆಗಲಿಲ್ಲ.

ಇಷ್ಟೆಲ್ಲ ಆದ ಮೇಲೂ 2017ರ ಜುಲೈನಲ್ಲಿ ಫ್ರಾನ್ಸಿನ ಅಧ್ಯಕ್ಷ ಮ್ಯಾಕ್ರನ್ ಮತ್ತು ಜರ್ಮನಿಯ ಆಗಿನ ಚಾನ್ಸಲರ್ ಮರ್ಕೆಲ್ ಪ್ಯಾರಿಸ್‌ನಲ್ಲಿ ನಿಂತು ಮತ್ತೆ ಜಂಟಿ ವಿಮಾನ ಅಂದರು. ಹೆಸರು ಎಫ್‌ಕ್ಯಾಸ್, ಫ್ಯೂಚರ್ ಕಾಂಬ್ಯಾಟ್ ಏರ್ ಸಿಸ್ಟಮ್ ಅನ್ನುವುದರ ಚುಟುಕು. ಒಂದು ಹೊಸ ಫೈಟರ್, ಅದರ ಜೊತೆ ಹಾರುವ ಡ್ರೋನ್‌ಗಳು, ಎಲ್ಲವನ್ನೂ ಬೆಸೆಯುವ ಡೇಟಾ ಜಾಲ, 2040ರ ಹೊತ್ತಿಗೆ ಸಿದ್ಧ. ಒಟ್ಟು ಖರ್ಚು 10,000 ಕೋಟಿ ಯೂರೋ ಅಂತ ಅಂದಾಜು. 2019ರಲ್ಲಿ ಸ್ಪೇನ್ ಸೇರಿತು, ಪ್ಯಾರಿಸ್ ಏರ್ ಶೋನಲ್ಲಿ ವಿಮಾನದ ಪೂರ್ಣ ಗಾತ್ರದ ಬೊಂಬೆಯ ಮೇಲಿನ ಪರದೆ ಸರಿಸಿದರು. ಕೂಸು ಹುಟ್ಟುವ ಮುಂಚೆ ಕುಲಾವಿ.

ಗಂಟು ಬಿದ್ದಿದ್ದು ಎಲ್ಲಿ ಅಂದರೆ, ಫೈಟರ್ ಭಾಗಕ್ಕೆ ಡಸಾಲ್ಟ್ ಮುಂದಾಳು ಅಂತ ಕಾಗದದ ಮೇಲೆ ಇದೆ. ಆದರೆ ಮೂರು ದೇಶಕ್ಕೂ ಸಮಪಾಲು, ಜರ್ಮನಿಯ ಪಾಲು ಏರ್‌ಬಸ್‌ದು, ಸ್ಪೇನಿನ ಪಾಲೂ ಏರ್‌ಬಸ್‌ದೇ. ಅಂದರೆ ಮುಂದಾಳಿನ ಕೈಯಲ್ಲಿ ಮೂರರಲ್ಲಿ ಒಂದು ಭಾಗ, ಹಿಂಬಾಲಿಸಬೇಕಾದವರ ಕೈಯಲ್ಲಿ ಎರಡು. ಹೀಗಾದರೆ ನಾನು ಯಾವ ಸೀಮೆ ಯಜಮಾನ ಅಂತ ಡಸಾಲ್ಟ್ ಕೇಳುತ್ತದೆ. ಕೇಳುವುದರಲ್ಲಿ ತಪ್ಪೇನೂ ಇಲ್ಲ ಅಂತಲೇ ನನಗನಿಸುತ್ತದೆ. ಆರು ದೇಶ ಸೇರಿ ಮಾಡಿದ ನ್ಯೂರಾನ್ ಅನ್ನುವ ಪ್ರಯೋಗ ಡ್ರೋನ್ ಡಸಾಲ್ಟ್ ಒಬ್ಬರೇ ಯಜಮಾನರಾಗಿ ನಡೆಸಿದ್ದು, 2012ರಲ್ಲಿ ಹಾರಿತು. ಇತ್ತ ಜರ್ಮನಿಯ ಮಾತೂ ನ್ಯಾಯದ್ದೇ. ಕೋಟಿಗಟ್ಟಲೆ ಸುರಿದ ಮೇಲೆ ವಿಮಾನದ ಹಾರಾಟ ನಿಯಂತ್ರಿಸುವ ಸಾಫ್ಟ್‌ವೇರ್ ಬೀಗ ಹಾಕಿದ ಪೆಟ್ಟಿಗೆಯಲ್ಲಿ ಬಂದರೆ, ನಾಳೆ ತನ್ನ ವಿಮಾನವನ್ನು ತಾನೇ ಮಾರ್ಪಡಿಸೋಕೂ ಫ್ರಾನ್ಸಿನ ಬಾಗಿಲು ತಟ್ಟಬೇಕು. ಆ ವಿದ್ಯೆ ಡಸಾಲ್ಟ್ ದಶಕಗಟ್ಟಲೆ ಸ್ವಂತವಾಗಿ ಕಲಿತದ್ದು, ಅವರು ಸುಮ್ನೆ ಬಿಟ್ಟುಕೊಡುತ್ತಾರಾ?

ಬೇಕು ಬೇಡಗಳೂ ಬೇರೆ. ಫ್ರಾನ್ಸಿಗೆ ಸ್ವಂತ ಅಣ್ವಸ್ತ್ರ ಕ್ಷಿಪಣಿ ಹೊರುವ, ಹಡಗಿನಿಂದ ಹಾರುವ ವಿಮಾನ ಬೇಕು. ಜರ್ಮನಿಗೆ ಇವೆರಡೂ ಬೇಕಿಲ್ಲ, ಅಮೆರಿಕದ ಅಣುಬಾಂಬ್ ಹೊರಲು 2022ರಲ್ಲೇ ಅಮೆರಿಕದ್ದೇ 35 ಎಫ್-35 ಯುದ್ಧ ವಿಮಾನ ಕೊಂಡಾಗಿದೆ. ಜೊತೆಗೆ ಮಾರಾಟದ ಚಿಂತೆ. ಬ್ರಿಟನ್ ಸೌದಿಗೆ ಯೂರೋಫೈಟರ್ ಮಾರಲು ಹೋದರೆ ಜರ್ಮನಿ ವರ್ಷಗಟ್ಟಲೆ ಅಡ್ಡ ನಿಂತಿತ್ತು, 2024ರ ಜನವರಿಯಲ್ಲಿ ಸಡಿಲಿಸಿತು. ರಫೇಲ್ ಮಾರಿ ಬದುಕುವ ಫ್ರಾನ್ಸ್ ಇದನ್ನೆಲ್ಲ ನೋಡುತ್ತಲೇ ಇತ್ತು.

ಎಫ್‌ಕ್ಯಾಸ್‌ನ ಮುಂದಿನ ಹಂತಕ್ಕೆ 320 ಕೋಟಿ ಯೂರೋ ಕರಾರಿಗೆ ಸಹಿ ಬಿದ್ದದ್ದು ಬಹಳ ತಿಣುಕಿ, 2022ರ ಡಿಸೆಂಬರ್‌ನಲ್ಲಿ. 2025ರ ಬೇಸಿಗೆಯಲ್ಲಿ ಮತ್ತೆ ಬೆಂಕಿ ಹತ್ತಿತು. ಡಸಾಲ್ಟ್‌ಗೆ ಶೇ 80ರಷ್ಟು ಕೆಲಸ ಬೇಕಂತೆ ಅಂತ ಜರ್ಮನಿಯಲ್ಲಿ ಸುದ್ದಿ. ಡಸಾಲ್ಟ್ ಮುಖ್ಯಸ್ಥ ಎರಿಕ್ ಟ್ರಾಪಿಯೆ, ನಮಗೆ ಒಬ್ಬರೇ ವಿಮಾನ ಮಾಡಲು ಬರುತ್ತದೆ ಎಂದು ನೇರವಾಗಿಯೇ ಹೇಳಿದರು. ವರ್ಷದ ಕೊನೆಯೊಳಗೆ ತೀರ್ಮಾನ ಅಂದಿದ್ದರು ಜರ್ಮನಿಯ ಚಾನ್ಸಲರ್ ಮೆರ್ಟ್ಸ್. ವರ್ಷ ಮುಗಿಯಿತು, ತೀರ್ಮಾನ ಬರಲಿಲ್ಲ.

ಇನ್ನೊಂದು ಕಡೆ ಬ್ರಿಟನ್, ಇಟಲಿ, ಜಪಾನ್ 2022ರಲ್ಲಿ ಸೇರಿ 2035ಕ್ಕೆ ಬೇರೆಯದೇ ವಿಮಾನ ಅನ್ನುತ್ತಿವೆ. ಅಲ್ಲಿ ಎಡ್ಜ್‌ವಿಂಗ್ ಅನ್ನುವ ಒಂದೇ ಕಂಪನಿ ಕಟ್ಟಿ ಮೂವರೂ ಸಮಪಾಲು ಹಾಕಿದ್ದಾರೆ. ಬ್ರಿಟನ್ ತಂತ್ರಜ್ಞಾನ ಹಂಚುತ್ತಿಲ್ಲ ಅಂತ ಇಟಲಿಯ ರಕ್ಷಣಾ ಸಚಿವರು ಆಗಲೇ ಒಮ್ಮೆ ಗೊಣಗಿದ್ದಾರೆ. ಅಲ್ಲೂ ಅದೇ ರಾಗ, ಸ್ವಲ್ಪ ಮೆಲ್ಲಗೆ.

ಈ ಮಧ್ಯೆ ಫ್ರಾನ್ಸ್ ರಫೇಲ್‌ನ ಹೊಸ ಎಫ್5 ಮಾದರಿಯ ಕೆಲಸದಲ್ಲಿದೆ. ಜರ್ಮನಿ 2025ರ ಅಕ್ಟೋಬರ್‌ನಲ್ಲಿ ಇನ್ನೂ 20 ಯೂರೋಫೈಟರ್‌ಗೆ ಒಪ್ಪಿಗೆ ಕೊಟ್ಟಿದೆ. ಆ 20ಕ್ಕೂ ಎಡ ರೆಕ್ಕೆ ಇಟಲಿಯಿಂದಲೇ ಬರಬೇಕು.